ಮಡಿಸೀರೆಯ ಗೋಡೆ

ನೋಡುವುದಕ್ಕೆ ನಾನು ಐನೂರು ರೂಪಾಯಿ ತೆಗೆದುಕೊಳ್ಳುತ್ತೇನೆ. ಆಮೇಲೆ ಕೆಲಸ ಕೊಟ್ಟರೂ ಅಷ್ಟೆ, ಕೊಡದಿದ್ದರೂ ಅಷ್ಟೆ. ಈ ಮಾತು ಹೇಳಿದ ಕೂಡಲೇ ಅರ್ಧ ಜನ ಫೋನ್ ಇಟ್ಟುಬಿಡುತ್ತಾರೆ. ಇಡಲಿ. ಡಾಕ್ಟರು ನಾಡಿ ಹಿಡಿದು ನೋಡಿದ್ದಕ್ಕೆ ದುಡ್ಡು ಕೊಡುವವರು, ನಾನು ಗೋಡೆಗೆ ಕಿವಿ ಇಟ್ಟು ನೋಡಿದ್ದಕ್ಕೆ ಯಾಕೆ ಕೊಡಬಾರದು?

ಸುಪ್ರಜಾ ಮೇಡಂ ಫೋನ್ ಇಡಲಿಲ್ಲ. ಅವರು ಬಯ್ಯುವುದಕ್ಕೆಂದೇ ಮಾಡಿದ್ದರು.

ಬಸವನಗುಡಿಯಲ್ಲಿ ಅವರ ಮನೆ ನನಗೆ ಚೆನ್ನಾಗಿ ಗೊತ್ತು. ಅವರ ಮಾವ ಬದರೀನಾರಾಯಣ ರಾಯರು ತೊಂಬತ್ತೆಂಟರಲ್ಲಿ ಆ ಹಳೆಯ ಮನೆಗೆ ಮಹಡಿ ಎಬ್ಬಿಸಿ, ಪೈಪೆಲ್ಲ ಹೊಸದಾಗಿ ಹಾಕಿಸಿದರು. ಹಾಕಿದವನು ನಾನು. ಆಗ ನನಗೆ ಇಪ್ಪತ್ತೈದು ವರ್ಷ. ಅಲ್ಲಿಯವರೆಗೆ ಬೇರೆಯವರ ಕೈಕೆಳಗೆ ಪೈಪು ಹಿಡಿದುಕೊಂಡು ನಿಂತವನು, ಒಂದು ಇಡೀ ಮನೆಯನ್ನು ನಾನೇ ಒಪ್ಪಿಕೊಂಡು ಮಾಡಿದ್ದು ಅದೇ ಮೊದಲು. ಅದನ್ನು ನೋಡಿಯೇ ಆ ರಸ್ತೆಯಲ್ಲಿ ಇನ್ನೂ ಆರು ಮನೆಯವರು ಕರೆದರು. ಇವತ್ತಿಗೂ ನನಗೆ ಬೋರ್ಡಿಲ್ಲ, ಅಂಗಡಿಯಿಲ್ಲ. ಆ ಏಳು ಮನೆಯವರ ಬಾಯಿಮಾತೇ ನನ್ನ ಬೋರ್ಡು.

ಮೇಡಂ ಹೇಳಿದ್ದು ಇಷ್ಟು. ಎರಡು ತಿಂಗಳಿಂದ ಮನೆಯಲ್ಲಿ ನೀರು ನಿಲ್ಲುತ್ತಿಲ್ಲ. ರಾತ್ರಿ ತುಂಬಿಸಿದ ಟ್ಯಾಂಕು ಬೆಳಗ್ಗೆ ಯಾರೂ ನಲ್ಲಿ ತಿರುಗಿಸದೆ ಕಾಲುಭಾಗ ಖಾಲಿ. ಕಾವೇರಿ ನೀರು ಬರುವುದು ದಿನ ಬಿಟ್ಟು ದಿನ. ಮೊಬೈಲಿನಲ್ಲಿ ಬುಕ್ ಮಾಡಿ ಒಂದು ಕಂಪನಿಯವರನ್ನು ಕರೆಸಿದ್ದರು. ಅವರು ನೋಡಿದ್ದಕ್ಕೆ ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಸಂಜೆ ಎಸ್ಟಿಮೇಟು ಕಳಿಸಿದರು. ಕಬ್ಬಿಣದ ಪೈಪೆಲ್ಲ ಕೊಳೆತಿದೆ, ಮನೆಯಿಡೀ ಒಡೆದು ಪ್ಲಾಸ್ಟಿಕ್ ಪೈಪು ಹಾಕಬೇಕು, ಒಂದು ಲಕ್ಷ ಎಂಬತ್ತೈದು ಸಾವಿರ, ಟೈಲ್ಸ್ ಖರ್ಚು ಬೇರೆ.

"ಮಂಗಳೂರಲ್ಲಿ ನನ್ನ ತಂಗಿ ಮನೇಲೂ ಹೀಗೇ ಆಯ್ತು" ಎಂದರು ಮೇಡಂ. "ಎಂಟೇ ವರ್ಷಕ್ಕೆ ಜಿಐ ಪೈಪು ಪುಡಿ ಪುಡಿ. ಎಲ್ಲಾ ತೆಗೆಸಿ ಪ್ಲಾಸ್ಟಿಕ್ ಹಾಕ್ಸಿದ್ಲು. ನಮ್ಮದು ಇಪ್ಪತ್ತಾರು ವರ್ಷ ಆಗಿದೆ. ನೀವು ಹಾಕಿದ ಪೈಪೇ ಸರಿಯಿಲ್ಲ ಅಂತ ಆ ಹುಡುಗ್ರು ಹೇಳಿದ್ರು, ನಿಮಗೂ ಗೊತ್ತಿರಲಿ ಅಂತ ಫೋನ್ ಮಾಡಿದೆ."

ನನಗೆ ತಲೆ ಕೆಟ್ಟಿತು. ಮಂಗಳೂರಿನಲ್ಲಿ ಮನೆಯ ಮುಂದೆ ಸಮುದ್ರ ಇದೆ. ಅಲ್ಲಿ ಗಾಳಿಯಲ್ಲೇ ಉಪ್ಪು. ಕಿಟಕಿಯ ಸರಳು ತಿನ್ನುತ್ತದೆ, ಬಾಗಿಲ ಚಿಲಕ ತಿನ್ನುತ್ತದೆ, ಪೈಪು ಬಿಡುತ್ತದೆಯೇ? ಅಲ್ಲಿನ ಲೆಕ್ಕವನ್ನು ತಂದು ಬಸವನಗುಡಿಯ ಗೋಡೆಗೆ ಹಚ್ಚಿದರೆ ಹೇಗೆ? ಅದನ್ನೇ ಸ್ವಲ್ಪ ಜೋರಾಗಿ ಹೇಳಿದೆ. ಅವರೂ ಜೋರಾದರು. ಕಾಲೇಜಿನಲ್ಲಿ ಪಾಠ ಮಾಡುವವರು, ನೂರು ಹುಡುಗರನ್ನು ಸುಮ್ಮನಾಗಿಸಿ ಅಭ್ಯಾಸ. ನಾನು ಸುಮ್ಮನಾಗಲಿಲ್ಲ.

"ನಾಳೆ ಬಂದು ನೋಡ್ತೀನಿ ಮೇಡಂ. ನನ್ನ ಜಾಯಿಂಟು ಒಂದು, ಒಂದೇ ಒಂದು ಸೋರಿದ್ರೂ, ಆ ಲೈನನ್ನ ಟ್ಯಾಂಕಿನಿಂದ ನಲ್ಲಿವರೆಗೂ ಕೂಲಿ ಇಲ್ದೆ ಹೊಸದಾಗಿ ಹಾಕ್ಕೊಡ್ತೀನಿ. ಸೋರಿಲ್ಲ ಅಂದ್ರೆ ಪೈಪು ಕೊಳೆತಿದೆ ಅನ್ನೋ ಮಾತು ನಿಮ್ಮ ಬಾಯಲ್ಲಿ ಬರಬಾರದು, ಆ ರಸ್ತೇಲಿ ಯಾರ ಹತ್ರಾನೂ."

"ಆಗ್ಲಿ" ಎಂದು ಫೋನ್ ಇಟ್ಟರು.

ಮರುದಿನ ಎಂಟು ಗಂಟೆಗೆ ಹೋದೆ. ಅವರ ಯಜಮಾನರು ವಾದಿರಾಜ ಸಾರ್ ಬಾಗಿಲು ತೆಗೆದರು. ಬ್ಯಾಂಕಿನವರು, ಮೆತ್ತನೆ ಮನುಷ್ಯ. ಹೆಂಡತಿಗೂ ನನಗೂ ಫೋನಿನಲ್ಲಿ ಏನಾಯಿತು ಎಂದು ಅವರಿಗೆ ಗೊತ್ತಿತ್ತೆಂದು ಮುಖದಲ್ಲೇ ಕಾಣುತ್ತಿತ್ತು. ಅವರು ಏನೂ ಕೇಳದೆ ನನ್ನನ್ನು ನೇರವಾಗಿ ತಾರಸಿಗೆ ಕರೆದುಕೊಂಡು ಹೋದರು.

ಟ್ಯಾಂಕಿನಿಂದ ನಾಲ್ಕು ಲೈನು ಇಳಿಯುತ್ತವೆ. ಅಡಿಗೆಮನೆಗೆ ಒಂದು, ಮಹಡಿಗೆ ಒಂದು, ಮುಂದಿನ ಬಚ್ಚಲಿಗೆ ಒಂದು, ಹಿಂದಿನ ಬಚ್ಚಲಿಗೆ ಒಂದು. ನಾಲ್ಕಕ್ಕೂ ಬೇರೆ ಬೇರೆ ವಾಲ್ವ್ ಇಟ್ಟಿದ್ದೆ. ಆಗ ಬದರೀನಾರಾಯಣ ರಾಯರು, ಇಷ್ಟೊಂದು ವಾಲ್ವ್ ಯಾಕಯ್ಯ, ದುಡ್ಡು ದಂಡ ಎಂದಿದ್ದರು. ನಾನು ಹಟ ಹಿಡಿದು ಹಾಕಿದ್ದೆ. ಈಗ ನಾಲ್ಕನ್ನೂ ಮುಚ್ಚಿದೆ. ಟ್ಯಾಂಕಿನ ಒಳಗೆ ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ಒಂದು ಗಂಟೆ ಕೂತೆ. ನೀರು ಅಲುಗಲಿಲ್ಲ. ಅಂದರೆ ಟ್ಯಾಂಕು ಸರಿಯಿದೆ. ಆಮೇಲೆ ಒಂದೊಂದೇ ವಾಲ್ವ್ ತೆಗೆದು, ಕಾದು, ಮುಚ್ಚಿದೆ. ಮೂರು ಲೈನಿನಲ್ಲಿ ನೀರು ಗೆರೆ ಬಿಟ್ಟು ಕದಲಲಿಲ್ಲ. ಹಿಂದಿನ ಬಚ್ಚಲಿನ ವಾಲ್ವ್ ತೆಗೆದೆ. ಅರ್ಧ ಗಂಟೆಯಲ್ಲಿ ಗೆರೆಯ ಕೆಳಗೆ ಒಂದು ಬೆರಳಷ್ಟು ಇಳಿಯಿತು.

ಕಂಪನಿಯವರು ಇದನ್ನು ಮಾಡಿದ್ದರೇ ಎಂದು ಸಾರನ್ನು ಕೇಳಿದೆ. ಇಲ್ಲ, ಅವರು ತಾರಸಿಗೆ ಹತ್ತಲೇ ಇಲ್ಲ ಎಂದರು.

ಮೂರು ಲೈನು ಗಟ್ಟಿಯಾಗಿದೆ ಎಂದು ಕೆಳಗೆ ಬಂದು ಮೇಡಂಗೆ ಹೇಳಿದೆ. ಅವರು ಕಾಲೇಜಿಗೆ ಹೊರಟು ನಿಂತಿದ್ದವರು ಬ್ಯಾಗನ್ನು ಕುರ್ಚಿಯ ಮೇಲಿಟ್ಟರು. ಹಾಗಾದರೆ ನಾಲ್ಕನೆಯದು ನಿಮ್ಮದಲ್ಲವಾ ಎಂದು ಕೇಳಿದರು. ನನ್ನದೇ ಎಂದೆ. ಇನ್ನೇನು ಹೇಳಲಿ?

ಹಿಂದಿನ ಬಚ್ಚಲಿಗೆ ಹೋಗುವ ಮೊದಲು ಒಂದು ಓಣಿಯಂಥ ಜಾಗವಿದೆ. ನಾಲ್ಕಡಿ ಅಗಲ, ಒಂದು ಕಡೆ ಅಡಿಗೆಮನೆ, ಇನ್ನೊಂದು ಕಡೆ ಹೊರಗೋಡೆ. ಆ ಗೋಡೆಯೊಳಗೆ ನನ್ನ ಪೈಪು ಇಳಿದು, ಕೆಳಗೆ ಒಂದು ಎಲ್ಬೋದಲ್ಲಿ ತಿರುಗಿ ಬಚ್ಚಲಿಗೆ ಹೋಗುತ್ತದೆ. ಆ ಗೋಡೆಗೆ ತಲೆಗಿಂತ ಎತ್ತರದಲ್ಲಿ ಒಂದು ಬಿದಿರಿನ ಗಳ. ಗಳದ ಮೇಲೆ ಒದ್ದೆ ಸೀರೆ. ಅದು ವಾದಿರಾಜ ಸಾರ್ ಅವರ ತಾಯಿ ಸುಂದರಮ್ಮನವರ ಮಡಿಸೀರೆ. ಎಂಬತ್ತೆರಡು ವರ್ಷದ ಅವರು ಬೆಳಗ್ಗೆ ಸ್ನಾನ ಮಾಡಿ, ಸೀರೆ ಒಗೆದು, ಕೋಲಿನಿಂದ ಎತ್ತಿ ಗಳಕ್ಕೆ ಹಾಕಿದರೆ ಮರುದಿನ ಸ್ನಾನವಾದ ಮೇಲೆ ಅವರೇ ಕೋಲಿನಿಂದ ಇಳಿಸಿ ಉಡಬೇಕು. ನಡುವೆ ಯಾರೂ ಮುಟ್ಟುವ ಹಾಗಿಲ್ಲ. ಮಗನೂ ಇಲ್ಲ, ಸೊಸೆಯೂ ಇಲ್ಲ.

ಗಳದ ಮಟ್ಟದಿಂದ ನೆಲದವರೆಗೆ ಗೋಡೆ ತೇವವಾಗಿತ್ತು. ಸುಣ್ಣ ಉಬ್ಬಿತ್ತು. ನಾನು ಉದ್ದನೆಯ ಸ್ಕ್ರೂಡ್ರೈವರ್ ತೆಗೆದೆ. ಅದರ ತುದಿಯನ್ನು ಗೋಡೆಗಿಟ್ಟು ಹಿಡಿಯನ್ನು ಕಿವಿಗೆ ಒತ್ತಿದರೆ ಒಳಗೆ ನೀರು ಹರಿಯುವ ಸದ್ದು ಕೇಳುತ್ತದೆ. ಒಂದು ಹೆಜ್ಜೆ ಮುಂದಿಟ್ಟೆ. ಅಡಿಗೆಮನೆಯ ಬಾಗಿಲಿಂದ ಸುಂದರಮ್ಮನವರು ನಿಲ್ಲಿಸಿದರು.

"ಅಂಜನಪ್ಪ, ಅಲ್ಲೇ ನಿಲ್ಲು. ಮಡಿಯಲ್ಲಿದೆ."

"ಅಮ್ಮಾ, ಸೀರೆ ಮುಟ್ಟಲ್ಲ, ಗೋಡೆ ಮುಟ್ತೀನಿ."

"ಗೋಡೆಗೆ ಗಳ ತಗಲಿದೆ, ಗಳಕ್ಕೆ ಸೀರೆ ತಗಲಿದೆ. ಮೊನ್ನೆ ಬಂದಿದ್ರಲ್ಲ, ಅವರಿಗೂ ಇದೇ ಹೇಳಿದೆ. ಅವರು ದೂರದಿಂದ ಫೋಟೋ ತಕ್ಕೊಂಡು ಹೋದ್ರು."

ನನಗೆ ಮತ್ತೆ ಸಿಟ್ಟು ಬಂತು. ಈ ಗೋಡೆಯೊಳಗೆ ಪೈಪಿಟ್ಟದ್ದೇ ನಾನು, ಆಗ ಇಲ್ಲದ ಮಡಿ ಈಗ ಎಲ್ಲಿಂದ ಬಂತು ಎಂದೆ. ಅಮ್ಮ ಜಗ್ಗಲಿಲ್ಲ. ಆಗ ಅದು ಬರೀ ಇಟ್ಟಿಗೆ ಆಗಿತ್ತು, ಈಗ ನನ್ನ ಸೀರೆ ಇದೆ ಎಂದರು. ವಾದಿರಾಜ ಸಾರ್ ನನ್ನ ತೋಳು ಹಿಡಿದುಕೊಂಡು, ಅಂಜನಪ್ಪ, ಸ್ವಲ್ಪ ತಾಳಿ, ಆ ತೇವ ಮೊದಲಿಂದಲೂ ಇರುವುದೇ, ಅಮ್ಮನ ಸೀರೆ ತೊಟ್ಟಿಕ್ಕಿ ಆದದ್ದು, ಬೇರೆ ಕಡೆ ನೋಡೋಣ ಎಂದರು. ಮೇಡಂ ಕೂಡ, ಹೌದು ಹೌದು, ಅದು ದಿನಾ ಒದ್ದೆಯಾಗೇ ಇರುತ್ತೆ ಎಂದರು.

ಆಗ ನನಗೆ ಹೊಳೆಯಿತು. ಈ ಮನೆಯಲ್ಲಿ ಮೂರು ಜನ ಓದಿದವರು. ಮೂವರೂ ಎರಡು ತಿಂಗಳಿಂದ ನೀರು ಎಲ್ಲಿ ಹೋಗುತ್ತಿದೆ ಎಂದು ಹುಡುಕುತ್ತಿದ್ದಾರೆ. ಮೂವರೂ ದಿನಕ್ಕೆ ಹತ್ತು ಸಲ ಈ ಒದ್ದೆ ಗೋಡೆಯ ಪಕ್ಕ ಹಾದುಹೋಗುತ್ತಾರೆ. ಮೇಲೆ ಮಡಿಸೀರೆ ಇರುವುದರಿಂದ ಒಬ್ಬರಿಗೂ ಇದು ಸೋರಿಕೆ ಎಂದು ಅನ್ನಿಸಿಲ್ಲ.

ನಾನು ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿ ಅಮ್ಮನವರ ಕಡೆ ತಿರುಗಿದೆ.

"ಅಮ್ಮಾ, ಇತ್ತೀಚೆಗೆ ನೀವು ಊರು ಬಿಟ್ಟು ಹೋಗಿದ್ರಾ?"

"ಉಡುಪಿಗೆ ಹೋಗಿದ್ದೆ. ಪರ್ಯಾಯದ ಸ್ವಾಮಿಗಳ ದರ್ಶನಕ್ಕೆ. ಹೋದ ತಿಂಗಳು, ಹತ್ತು ದಿನ."

"ಸೀರೆ?"

"ಸೀರೆ ಇಲ್ಲಿ ಬಿಟ್ಟು ಹೋಗ್ತಾರೇನೋ? ಜೊತೇಲೇ ತಗೊಂಡು ಹೋಗಿದ್ದೆ."

"ಹಾಗಾದ್ರೆ ಆ ಹತ್ತು ದಿನ ಈ ಗೋಡೆ ಒದ್ದೆ ಮಾಡಿದ್ದು ಯಾರ ಸೀರೆ?"

ಮೇಡಂ ಗೋಡೆಯನ್ನು ನೋಡಿದರು, ಅತ್ತೆಯನ್ನು ನೋಡಿದರು. ಆ ಹತ್ತು ದಿನವೂ ನೆಲ ಒರೆಸಿದವರು ಅವರೇ. ಅವರ ಮುಖದಲ್ಲಿ ನಗು ಬಂತು, ಅದನ್ನು ತಡೆಯುವುದಕ್ಕೆ ತುಟಿ ಕಚ್ಚಿಕೊಂಡರು.

ಸುಂದರಮ್ಮನವರು ಮೂಲೆಯಲ್ಲಿದ್ದ ಕೋಲು ತೆಗೆದುಕೊಂಡು, ನಮ್ಮನ್ನೆಲ್ಲ ಹಿಂದೆ ಸರಿಯಲು ಹೇಳಿ, ಸೀರೆಯನ್ನು ತಾವೇ ಇಳಿಸಿದರು. ಒದ್ದೆ ಸೀರೆಯನ್ನು ಎದೆಗೆ ಅಪ್ಪಿಕೊಂಡು ಹೋಗುತ್ತಾ, "ಒಡಿ. ನೋಡೇಬಿಡೋಣ" ಎಂದರು.

ಗಳವನ್ನು ಹೊತ್ತಿದ್ದ ಎರಡು ಕಬ್ಬಿಣದ ಕೊಕ್ಕೆಗಳನ್ನು ನೋಡಿದೆ. ಅವು ನನ್ನ ಕಾಲದಲ್ಲಿ ಇರಲಿಲ್ಲ. ಆಗ ಗಳ ಸೂರಿನಿಂದ ಹಗ್ಗದಲ್ಲಿ ತೂಗುತ್ತಿತ್ತು. ಯಾರು ಹಾಕಿಸಿದ್ದು ಎಂದು ಕೇಳಿದೆ. ಮಗನಿಗೂ ಸೊಸೆಗೂ ಗೊತ್ತಿರಲಿಲ್ಲ. ಅಡಿಗೆಮನೆಯ ಒಳಗಿಂದ ಅಮ್ಮನವರೇ ಉತ್ತರ ಕೊಟ್ಟರು. ಮೂರು ವರ್ಷದ ಹಿಂದೆ ಹಗ್ಗ ಹರಿದಿತ್ತು. ಮಗನಿಗೆ ಹೇಳಿ ಹೇಳಿ ಸಾಕಾಗಿ, ಎಲ್ಲರೂ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಪಕ್ಕದ ಮನೆಗೆ ಬಂದಿದ್ದ ಬಡಗಿಯನ್ನು ಕರೆದು ಹೊಡೆಸಿಕೊಂಡಿದ್ದರಂತೆ.

ಉಳಿ ಸುತ್ತಿಗೆ ತೆಗೆದುಕೊಂಡೆ. ಬಲಗಡೆಯ ಕೊಕ್ಕೆಯ ಸುತ್ತ ಗಾರೆ ಕೆತ್ತಿದೆ. ಗಾರೆ ಒದ್ದೆ ಹಿಟ್ಟಿನ ಹಾಗೆ ಉದುರಿತು. ಎರಡು ಇಂಚು ಒಳಗೆ ನನ್ನ ಪೈಪು ಕಂಡಿತು. ಬಡಗಿಯ ಮೂರಿಂಚಿನ ಸ್ಕ್ರೂ ನೇರವಾಗಿ ಅದರ ಹೊಟ್ಟೆಗೆ ಹೊಕ್ಕಿತ್ತು. ಹೊಕ್ಕ ದಿನ ಅದೇ ಬಿರಡೆಯ ಹಾಗೆ ತೂತು ಮುಚ್ಚಿಕೊಂಡಿರಬೇಕು. ಮೂರು ವರ್ಷಕ್ಕೆ ಸ್ಕ್ರೂ ತುಕ್ಕು ಹಿಡಿದು ಸವೆದು, ಪಕ್ಕದಿಂದ ನೀರು ಬಿಡಲು ಶುರುವಾಗಿದೆ. ನಾನು ಸ್ಕ್ರೂ ಎಳೆದೆ. ನೀರು ಚಿಮ್ಮಿ ಎದುರು ಗೋಡೆಗೆ ಬಡಿಯಿತು. ವಾದಿರಾಜ ಸಾರ್ ವಾಲ್ವ್ ಮುಚ್ಚಲು ತಾರಸಿಗೆ ಓಡಿದರು.

ಮೇಡಂ ಒದ್ದೆಯಾದ ಸೆರಗು ಹಿಂಡಿಕೊಳ್ಳುತ್ತಾ ಪೈಪಿನ ಹತ್ತಿರ ಬಂದು ಬಗ್ಗಿ ನೋಡಿದರು. ಪೈಪಿನ ಮೈ ತೋರಿಸಿದೆ. ಸ್ಕ್ರೂ ಹೊಕ್ಕ ಜಾಗ ಬಿಟ್ಟರೆ ಎಲ್ಲೂ ತುಕ್ಕಿಲ್ಲ. ಉಳಿಯಿಂದ ಬಡಿದು ತೋರಿಸಿದೆ, ಗಟ್ಟಿ ಸದ್ದು ಬಂತು. ಇದಾ ಕೊಳೆತಿರೋದು ಎಂದು ಕೇಳಿದೆ. ಕೇಳಬಾರದಿತ್ತು ಎಂದು ಈಗಲೂ ಅನ್ನಿಸುವುದಿಲ್ಲ.

"ತಪ್ಪಾಯ್ತು" ಎಂದರು ಮೇಡಂ. ಒಂದೇ ಮಾತು, ನೇರವಾಗಿ. ಅವರ ಬಗ್ಗೆ ನನಗೆ ಅಲ್ಲಿಯವರೆಗೆ ಇಲ್ಲದ ಮರ್ಯಾದೆ ಬಂತು. ಕಾಲೇಜಿಗೆ ರಜೆ ಹೇಳಿ, ಕಂಪನಿಯವರ ಎಸ್ಟಿಮೇಟಿಗೆ ಬೇಡವೆಂದು ಉತ್ತರ ಕಳಿಸಿ, ಕಾಫಿ ತಂದುಕೊಟ್ಟರು.

ಕೆಲಸ ಇಲ್ಲಿಗೆ ಮುಗಿಯಬೇಕಿತ್ತು. ತೂತಾದ ತುಂಡು ತೆಗೆದು ಹೊಸ ತುಂಡು ಕೂಡಿಸಿದರೆ ಮಧ್ಯಾಹ್ನಕ್ಕೆ ನೀರು ಬಿಡಬಹುದು. ಹೊಸ ತುಂಡು ಕೂಡಿಸಲು ಕೆಳಗಿನ ಎಲ್ಬೋವರೆಗೆ ಗೋಡೆ ಬಿಡಿಸಬೇಕಾಯಿತು. ಬಿಡಿಸಿದೆ. ಎಲ್ಬೋ ಮೇಲಿನ ಮಣ್ಣನ್ನು ಬಟ್ಟೆಯಿಂದ ಒರೆಸಿದೆ.

ಎಲ್ಬೋದ ಕುತ್ತಿಗೆಯಲ್ಲಿ, ಥ್ರೆಡ್ ಕೂಡುವ ಕಡೆ, ಬಿಳಿ ಹಕ್ಕಳೆ ಕಟ್ಟಿತ್ತು. ಅದರಿಂದ ಕೆಳಕ್ಕೆ ಕೆಂಪನೆಯ ಒಂದು ಗೆರೆ.

ಇದು ಸ್ಕ್ರೂವಿನ ನೀರಲ್ಲ. ಮೇಲಿಂದ ಇಳಿದ ನೀರು ಹಾಗೆ ಹಕ್ಕಳೆ ಕಟ್ಟುವುದಿಲ್ಲ. ಅದು ಒಳಗಿಂದ ಬೆವರಿದ ನೀರು, ವರ್ಷಗಟ್ಟಲೆ, ಕೂದಲೆಳೆಯಷ್ಟು. ರೆಂಚು ಹಾಕಿ ಬಿಚ್ಚಿದೆ. ಥ್ರೆಡ್ಡಿಗೆ ಸಣಬಿನ ನಾರು ಸುತ್ತಿ ಬಿಗಿ ಮಾಡುವುದು ಆಗಿನ ಪದ್ಧತಿ. ನಾರು ಅರ್ಧ ಸುತ್ತು ಮಾತ್ರ ಇತ್ತು. ಇನ್ನರ್ಧ ಬರೀ ಕಬ್ಬಿಣ. ಅದನ್ನು ಸುತ್ತಿದ ಕೈ ನನ್ನದು. ಯಾಕೆ ಹಾಗೆ ಮಾಡಿದೆ ಎಂದು ನೆನಪಿಲ್ಲ. ನೆನಪಾಗಿದ್ದರೆ ಒಂದು ನೆಪವಾದರೂ ಸಿಗುತ್ತಿತ್ತು.

ಓಣಿಯಲ್ಲಿ ಆಗ ನಾನೊಬ್ಬನೇ ಇದ್ದೆ. ಹೇಗೂ ಬಿಚ್ಚಿದ್ದೇನೆ, ಹೊಸದಾಗಿ ಸುತ್ತಿ ಬಿಗಿ ಮಾಡಿದರೆ ಐದು ನಿಮಿಷದ ಕೆಲಸ. ಯಾರಿಗೂ ಗೊತ್ತಾಗುವುದಿಲ್ಲ. ನಾನು ನಿಜವಾಗಿ ನಾರನ್ನು ಕೈಗೆ ತೆಗೆದುಕೊಂಡೆ ಕೂಡ. ಆಮೇಲೆ ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂತೆಂದರೆ ಅದನ್ನು ನೆಲಕ್ಕೆ ಎಸೆದು, ಮೇಡಂ ಎಂದು ಕೂಗಿದೆ. ಬೆಂಕಿ ಬಿತ್ತೇನೋ ಎಂದುಕೊಂಡು ಮೂವರೂ ಓಡಿ ಬಂದರು.

ಎಲ್ಬೋ ತೋರಿಸಿ, ಇದು ನನ್ನ ಜಾಯಿಂಟು, ಸೋರಿದೆ ಎಂದೆ.

ಮೇಡಂ ಕನ್ನಡಕ ಹಾಕಿಕೊಂಡು ನೋಡಿದರು. "ಎಲ್ಲಿ ಸೋರಿದೆ? ಬರೀ ಬೆಳ್ಳಗೆ ಕಟ್ಟಿದೆ. ಒಂದು ಹನಿ ಬಿದ್ದಿರಲ್ಲ ಇದರಿಂದ."

"ಹನಿ ಬೀಳದಿದ್ರೇನು, ನೀರು ಹೊರಗೆ ಬಂದಿದೆ."

"ಇಪ್ಪತ್ತಾರು ವರ್ಷಕ್ಕೆ ಇಷ್ಟು ಬಂದ್ರೆ ಬಂದಂಗಾ? ಸುಮ್ನೆ ಇರಿ ಅಂಜನಪ್ಪ. ನೀರು ಹೋಗಿದ್ದು ಸ್ಕ್ರೂನಿಂದ. ಅದು ನಮ್ಮತ್ತೆಯವ್ರೇ ಹೊಡೆಸಿದ್ದು."

"ಸ್ಕ್ರೂ ಬೇರೆ, ಇದು ಬೇರೆ. ಒಂದೇ ಒಂದು ಸೋರಿದ್ರೂ ಅಂದಿದ್ದೆ. ನಾಳೆಯಿಂದ ಮೂರು ದಿನಕ್ಕೆ ಈ ಲೈನು ಹೊಸದು, ಕೂಲಿ ಇಲ್ಲ."

ಹಿಂದಿನ ಸಂಜೆ ನನ್ನ ಪೈಪು ಕೊಳೆತಿದೆ ಎಂದು ಜಗಳವಾಡಿದ ಹೆಂಗಸು ಈಗ ಅದು ಚಿನ್ನದಂತಿದೆ ಎಂದು ಜಗಳವಾಡುತ್ತಿದ್ದರು. ನಾನು ಇಲ್ಲ, ಕೆಟ್ಟಿದೆ ಎಂದು ಕೂಗುತ್ತಿದ್ದೆ. ಫೋನಿನಲ್ಲಿ ಸಿಟ್ಟಿನಲ್ಲಿ ಆಡಿದ ಮಾತಿಗೆ ಬೆಲೆಯಿಲ್ಲ ಎಂದರು. ನನಗೆ ಅದು ಇನ್ನೂ ಉರಿಯಿತು. ನಾನು ಆಡುವ ಮಾತೆಲ್ಲ ಸಿಟ್ಟಿನದೇ, ಹಾಗಾದರೆ ಯಾವುದಕ್ಕೂ ಬೆಲೆಯಿಲ್ಲವೇ ಎಂದು ಕೇಳಿದೆ. ವಾದಿರಾಜ ಸಾರ್ ನಡುವೆ ಬಂದು, ಅರ್ಧ ಕೂಲಿ ಎಂದು ಮಾಡಿಕೊಳ್ಳೋಣ ಎಂದರು. ನಾವಿಬ್ಬರೂ ಒಟ್ಟಿಗೆ ಅವರ ಮೇಲೆ ತಿರುಗಿಬಿದ್ದೆವು.

ಸುಂದರಮ್ಮನವರು ಬಾಗಿಲಿಗೆ ಒರಗಿ ಎಲ್ಲವನ್ನೂ ಕೇಳುತ್ತಿದ್ದರು. ಸೊಸೆಯನ್ನು ನೋಡಿ, "ಅವನು ಮಾತು ಕೊಟ್ಟಿದಾನೆ. ತೀರಿಸಿಕೊಳ್ಳಕ್ಕೆ ಬಿಡು. ಬೇಡ ಅಂದ್ರೆ ಅವನಿಗೆ ಅವಮಾನ ಮಾಡಿದ ಹಾಗೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಏಳು ಗಂಟೆಗೇ ಬಾ. ಮೂರು ದಿನ ಸೀರೆ ಮಹಡಿ ಮೇಲೆ ಒಣಹಾಕ್ತೀನಿ" ಎಂದರು.

ವಾದಿರಾಜ ಸಾರ್ ತಾಯಿಯ ಮುಖವನ್ನೇ ನೋಡುತ್ತ ನಿಂತುಬಿಟ್ಟರು. ಅವರು ಹುಟ್ಟಿದಾಗಿಂದ ಅಮ್ಮನ ಮಡಿಸೀರೆ ಈ ಮನೆಯಲ್ಲಿ ಆ ಓಣಿ ಬಿಟ್ಟು ಬೇರೆಲ್ಲೂ ಒಣಗಿರಲಿಲ್ಲವಂತೆ.

ಮೂರು ದಿನ ಮಾಡಿದೆ. ಪೈಪಿನ ಸಾಮಾನು ಅವರದು, ಕೈ ನನ್ನದು. ಮೇಡಂಗೆ ಪ್ಲಾಸ್ಟಿಕ್ಕೇ ಬೇಕಿತ್ತು, ಪ್ಲಾಸ್ಟಿಕ್ಕೇ ಹಾಕಿದೆ. ಅವರ ಮನೆ, ಅವರ ಇಷ್ಟ. ಟ್ಯಾಂಕಿನಿಂದ ನಲ್ಲಿಯವರೆಗೆ ಹನ್ನೊಂದು ಜಾಯಿಂಟು. ಹಳೆಯ ಕಬ್ಬಿಣದ ಹನ್ನೊಂದನ್ನೂ ಒಂದೊಂದಾಗಿ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದೆ. ಹತ್ತರಲ್ಲಿ ನಾರು ತುಂಬಿಕೊಂಡು ಕಲ್ಲಿನ ಹಾಗೆ ಕೂತಿತ್ತು. ಬಿಚ್ಚುವುದಕ್ಕೆ ರೆಂಚಿಗೆ ಇನ್ನೊಂದು ಪೈಪು ಸಿಕ್ಕಿಸಿ ಮೈಯ ಭಾರವೆಲ್ಲ ಬಿಟ್ಟು ಎಳೆಯಬೇಕಾಯಿತು. ಇಪ್ಪತ್ತೈದು ವರ್ಷದ ಹುಡುಗನ ಕೈ ಐವತ್ತೊಂದರ ಕೈಗೆ ಸುಲಭವಾಗಿ ಬಿಟ್ಟುಕೊಡಲಿಲ್ಲ. ಒಬ್ಬನೇ ನಕ್ಕೆ.

ಮೂರನೆಯ ದಿನ ಕೈಪಂಪು ಜೋಡಿಸಿ ಲೈನಿಗೆ ಒತ್ತಡ ಹಾಕಿದೆ. ಟ್ಯಾಂಕಿನ ನೀರು ಹಾಕುವ ಒತ್ತಡಕ್ಕಿಂತ ಐದಾರು ಪಟ್ಟು. ಬೆಳಗ್ಗೆ ಹತ್ತಕ್ಕೆ ಮೀಟರಿನ ಮುಳ್ಳು ಆರರ ಮೇಲಿತ್ತು. ಸಂಜೆ ನಾಲ್ಕಕ್ಕೂ ಆರರ ಮೇಲೇ ಇತ್ತು. ಗೋಡೆ ಮುಚ್ಚುವ ಮೊದಲು ಮೇಡಂ ಕೈಯಲ್ಲಿ ಹನ್ನೊಂದು ಜಾಯಿಂಟನ್ನೂ ಮುಟ್ಟಿಸಿದೆ. ಒಂಚೂರೂ ತೇವವಿಲ್ಲ, ಪೌಡರು ಹಚ್ಚಿದ ಹಾಗಿದೆ ಎಂದರು.

ಗಾರೆಯವನು ಸಿಮೆಂಟು ಕಲಸುತ್ತಿದ್ದ. ನಾನು ಒಂದು ಮೊಳೆ ತೆಗೆದುಕೊಂಡು, ಪೈಪಿನ ಪಕ್ಕದ ಇಟ್ಟಿಗೆಯ ಮೇಲೆ ಕೆತ್ತತೊಡಗಿದೆ. ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ. ದಪ್ಪ, ಗುಂಡು. ಅಂಜನಪ್ಪ, ಅದರ ಕೆಳಗೆ ಇಸವಿ, ಅದರ ಕೆಳಗೆ ನನ್ನ ಫೋನ್ ನಂಬರು.

ಮೇಡಂ ಹಿಂದೆ ನಿಂತು ನೋಡುತ್ತಿದ್ದರು. "ಇನ್ನು ಹತ್ತು ನಿಮಿಷಕ್ಕೆ ಸಿಮೆಂಟು ಮೆತ್ತುತ್ತಾರೆ. ಯಾರಿಗೆ ಕಾಣುತ್ತೆ ಇದು?"

"ಮುಂದೆ ಯಾರಾದ್ರೂ ಈ ಗೋಡೆ ಒಡೀತಾರಲ್ಲ ಮೇಡಂ, ಅವರಿಗೆ. ಯಾರನ್ನ ಬೈಬೇಕು ಅಂತ ಹುಡುಕಾಡೋದು ಬೇಡ."

ಅವರು ನನ್ನ ಕೈಯಿಂದ ಮೊಳೆ ಇಸಿದುಕೊಂಡು, ನಂಬರಿನಲ್ಲಿ ಅಳಿಸಿದಂತಿದ್ದ ಒಂದು ಏಳನ್ನು ಇನ್ನಷ್ಟು ಆಳವಾಗಿ ತಿದ್ದಿದರು. ಆಮೇಲೆ ಗಾರೆಯವನಿಗೆ, ಇನ್ನು ಮೆತ್ತಿ ಎಂದರು.